ಊಟ ಬಲ್ಲವರಿಗೂ ರೋಗ ಬರುತ್ತದೆ

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ." ಈ ಗಾದೆಯನ್ನು ನಾವು ಪ್ರತಿ ವರ್ಷ ಫಳಿಯ ಮೇಲೆ ಬರೆದು ಮಕ್ಕಳಿಂದ ವಿಸ್ತರಿಸಿ ಬರೆಸುತ್ತೇವೆ. ಗಾದೆಯ ಬಗ್ಗೆ ನಮ್ಮ ತಕರಾರಿಲ್ಲ. ಅದನ್ನು ರೋಗಿಯ ಮುಖಕ್ಕೆ ಎಸೆಯುವವರ ಬಗ್ಗೆ ಇದೆ. ದೊಡ್ಡ ಕರುಳಿನಲ್ಲಿ ಹುಣ್ಣಾಗಿ, ದಿನಕ್ಕೆ ಏಳೆಂಟು ಸಲ ಸಂಡಾಸಕ್ಕೆ ಓಡುವ ಮನುಷ್ಯನಿಗೆ "ನಿನಗ ಉಣ್ಣಾಕ ಬರಂಗಿಲ್ಲ, ಅದಕ್ಕ ಹಿಂಗಾಗೇತಿ" ಎನ್ನುವವರು ನಮ್ಮ ಕಡೆ ಓಣಿಗೊಬ್ಬರಿದ್ದಾರೆ. ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಸಹಿಸಬಹುದಿತ್ತು. ಅವರ ಮುಂದಿನ ಮಾತು ಇನ್ನೂ ಕೆಟ್ಟದ್ದು: "ಆ ಗುಳಿಗಿ ಬಿಡು. ಪಥ್ಯಾ ಮಾಡು. ತಾನ ಹೋಗತೈತಿ."

ಈ ಕೊನೆಯ ಮಾತಿನ ವಿರುದ್ಧವೇ ನಮ್ಮ ಇಂದಿನ ಬರಹ.

ಮೊದಲೇ ಹೇಳಿಬಿಡುತ್ತೇವೆ, ನಾವು ವೈದ್ಯರಲ್ಲ. ಟಿ.ಸಿ.ಎಚ್. ಮುಗಿಸಿ, ಬಿ.ಎ. ಕಟ್ಟಿಕೊಂಡು, ಜತ್ತ ತಾಲೂಕಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಹೇಳುವವರು. ಆದರೆ ಈ ರೋಗ ನಮ್ಮ ಬಳಗದಲ್ಲೇ ಇದೆ. ಅದಕ್ಕಾಗಿ ಮಿರಜಿಗೂ ವಿಜಯಪುರಕ್ಕೂ ಬಸ್ಸು ಹತ್ತಿದ್ದೇವೆ, ಡಾಕ್ಟರರ ಬಾಗಿಲಲ್ಲಿ ಕೂತಿದ್ದೇವೆ, ಓದಲು ಸಿಕ್ಕಿದ್ದನ್ನೆಲ್ಲ ಓದಿದ್ದೇವೆ. ಶಿಕ್ಷಕರಾದವರು ತಾವು ಓದಿ ತಿಳಿದದ್ದನ್ನು ನಾಲ್ಕು ಜನರಿಗೆ ತಿಳಿಯುವ ಭಾಷೆಯಲ್ಲಿ ಹೇಳದಿದ್ದರೆ ಕಲಿತದ್ದು ದಂಡ.

ಅಲ್ಸರೇಟಿವ್ ಕೊಲೈಟಿಸ್ ಎನ್ನುವುದು ದೊಡ್ಡ ಕರುಳಿನ ಒಳಪದರು ಉರಿಯೂತದಿಂದ ಕೆಂಪಾಗಿ, ಹುಣ್ಣಾಗಿ, ನೆತ್ತರು ಸುರಿಸುವ ರೋಗ. ಅದು ಗುದದ್ವಾರದ ಹತ್ತಿರ ಶುರುವಾಗಿ ಮೇಲಕ್ಕೆ ಹಬ್ಬುತ್ತದೆ. ಸಂಡಾಸದಲ್ಲಿ ನೆತ್ತರು, ಲೋಳೆ. ಹೋಗಿ ಬಂದರೂ ಇನ್ನೂ ಉಳಿದಿದೆ ಎನ್ನುವ ಮುಕ್ಕರಿಕೆ. ಬಸ್ಸಿನಲ್ಲಿ ಕೂಡಲಾಗದಂಥ ಅವಸರ. ಹೊಟ್ಟೆ ನುಲಿತ, ಸುಸ್ತು. ಕೆಲವು ತಿಂಗಳು ಕೆರಳುತ್ತದೆ, ಕೆಲವು ತಿಂಗಳು ಅಡಗುತ್ತದೆ. ಅಡಗಿದಾಗ ವಾಸಿಯಾಯಿತು ಅನ್ನಿಸುತ್ತದೆ. ಈ ರೋಗದ ದೊಡ್ಡ ಮೋಸ ಇರುವುದೇ ಅಲ್ಲಿ.

ಯಾಕೆ ಬರುತ್ತದೆ? ವಂಶದ ಗುಣ, ಕರುಳಿನೊಳಗಿನ ಸೂಕ್ಷ್ಮಜೀವಿಗಳು, ದೇಹದ ರಕ್ಷಣಾ ವ್ಯವಸ್ಥೆ ತನ್ನ ಕರುಳಿನ ಮೇಲೇ ತಿರುಗಿ ಬೀಳುವುದು, ಹೀಗೆ ಹಲವು ಕಾರಣಗಳು ಕೂಡಿ ಬರುತ್ತವೆ ಎನ್ನುತ್ತದೆ ವಿಜ್ಞಾನ. ಒಂದು ದಿನ ಭಜಿ ತಿಂದದ್ದಕ್ಕೆ, ಒಂದು ಜಾತ್ರೆಯಲ್ಲಿ ಮಿಸಳ ಹೊಡೆದದ್ದಕ್ಕೆ ಬರುವ ರೋಗವಲ್ಲ. ಮುಟ್ಟಿದರೆ ಹರಡುವುದೂ ಇಲ್ಲ. ಇದು ಬಿಳಿಯರ ರೋಗ, ನಮ್ಮ ರೊಟ್ಟಿ ತಿನ್ನುವವರಿಗೆ ಬರುವುದಿಲ್ಲ ಎನ್ನುವುದೂ ಸುಳ್ಳು. ಪಂಜಾಬಿನಲ್ಲಿ ಮನೆಮನೆಗೆ ಹೋಗಿ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನ ಲಕ್ಷಕ್ಕೆ ಸುಮಾರು 44 ಜನರಲ್ಲಿ ಇದನ್ನು ಕಂಡಿತು. ರೊಟ್ಟಿ, ಬೇಳೆ, ಮಜ್ಜಿಗೆಯ ನಾಡು ಅದು. ಅಲ್ಲಿಯವರಿಗೂ ಊಟ ಬರುತ್ತಿರಲಿಲ್ಲವೇ?

ಈಗ "ಗುಳಿಗಿ ಬಿಡು" ಎನ್ನುವ ಮಹಾನುಭಾವರ ಕಡೆಗೆ ಬರೋಣ.

ಅಮೆರಿಕದಲ್ಲಿ ರೋಗ ಅಡಗಿದ್ದ 99 ಜನರನ್ನು ಎರಡು ವರ್ಷ ಗಮನಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಲ್ಲರಿಗೂ ಮೆಸಲಮೈನ್ ಎಂಬ, ಈ ರೋಗಕ್ಕೆ ಸಾಮಾನ್ಯವಾಗಿ ಕೊಡುವ ಗುಳಿಗೆ ಬರೆದುಕೊಡಲಾಗಿತ್ತು. ಅದನ್ನು ಸರಿಯಾಗಿ ನುಂಗಿದವರಲ್ಲಿ ನೂರಕ್ಕೆ 89ರಷ್ಟು ಮಂದಿಗೆ ರೋಗ ಅಡಗಿಯೇ ಉಳಿಯಿತು. ನುಂಗದವರಲ್ಲಿ ನೂರಕ್ಕೆ 39. "ಆರಾಮ ಆಗೇನಿ, ಇನ್ಯಾಕ ಗುಳಿಗಿ" ಎನ್ನುವ ನಮ್ಮ ಜನರಿಗೆ ಇದಕ್ಕಿಂತ ನೇರವಾದ ಉತ್ತರ ಬೇಕೆ? ಗುಳಿಗೆ ಇರುವುದು ರೋಗ ಇಳಿಸುವುದಕ್ಕಷ್ಟೇ ಅಲ್ಲ, ಇಳಿದದ್ದನ್ನು ಹಾಗೇ ಇಡುವುದಕ್ಕೂ. ಸ್ಟೀರಾಯ್ಡ್ ಗುಳಿಗೆಯನ್ನಂತೂ ಒಮ್ಮೆಲೇ ಬಿಟ್ಟರೆ ಜೀವಕ್ಕೇ ಸಂಚಕಾರ. ಅದನ್ನು ಡಾಕ್ಟರರು ಹೇಳಿದಂತೆ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು.

"ಹಾಗಾದರೆ ಅರಿಷಿಣ? ವಿಜ್ಞಾನಿಗಳೇ ಒಪ್ಪಿದ್ದಾರಲ್ಲ!" ಎಂದು ಕೇಳುವವರಿದ್ದಾರೆ. ಮೊಬೈಲಿನಲ್ಲಿ ದಿನಬೆಳಗಾದರೆ ಬಂದು ಬೀಳುವ ಸಂದೇಶಗಳಲ್ಲಿ ಇದೇ ದೊಡ್ಡದು. ಸಾಂಗಲಿಯ ಪೇಟೆಯ ನೆರಳಲ್ಲಿ ಬದುಕುವ ನಮಗೆ ಅರಿಷಿಣದ ಮೇಲೆ ಪ್ರೀತಿ ಯಾರಿಗಿಂತ ಕಡಿಮೆ? ಹೌದು, ಜಪಾನಿನಲ್ಲಿ ಪ್ರಯೋಗ ನಡೆದು 2006ರಲ್ಲಿ ಪ್ರಕಟವಾಯಿತು. ಅರಿಷಿಣದ ಸಾರವಾದ ಕರ್ಕ್ಯುಮಿನ್ನನ್ನು ದಿನಕ್ಕೆ ಎರಡು ಗ್ರಾಂ ಆರು ತಿಂಗಳು ತೆಗೆದುಕೊಂಡ 43 ಜನರಲ್ಲಿ 2 ಜನರಿಗೆ ಮಾತ್ರ ರೋಗ ಮರುಕಳಿಸಿತು. ತೆಗೆದುಕೊಳ್ಳದ 39 ಜನರಲ್ಲಿ 8 ಜನರಿಗೆ ಮರುಕಳಿಸಿತು. ಇಷ್ಟನ್ನು ಸಂದೇಶ ಹೇಳುತ್ತದೆ. ಆದರೆ ಅವರೆಲ್ಲರೂ ಮೆಸಲಮೈನ್ ಅಥವಾ ಸಲ್ಫಾಸಲಜೀನ್ ಗುಳಿಗೆಯನ್ನು ನುಂಗುತ್ತಲೇ ಇದ್ದರು ಎಂಬುದನ್ನು ಹೇಳುವುದಿಲ್ಲ. ಅರಿಷಿಣದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ನೂರಕ್ಕೆ ಮೂರರಷ್ಟು. ಎರಡು ಗ್ರಾಂ ಬೇಕಾದರೆ ದಿನಕ್ಕೆ ಅರವತ್ತು ಗ್ರಾಂಗೂ ಹೆಚ್ಚು ಪುಡಿ ನುಂಗಬೇಕು! ಹಾಲಿಗೆ ಹಾಕುವ ಒಂದು ಚಿಟಿಕೆಯಿಂದ ಆಗುವ ಕೆಲಸವಲ್ಲ. ಸಾರದ ಗುಳಿಗೆಯನ್ನೂ ಕೇಳದೆ ನುಂಗುವಂತಿಲ್ಲ, ಕೆಲವರ ಯಕೃತ್ತಿಗೆ ಅದು ಪೆಟ್ಟು ಕೊಟ್ಟಿದೆ. ಅರ್ಧ ಸತ್ಯವನ್ನು ಪೂರ್ತಿ ಔಷಧಿ ಎಂದು ಮಾರುವುದಕ್ಕೆ ನಾವು ಏನೆನ್ನಬೇಕು?

ಮೆಸಲಮೈನ್ ತಿಂಗಳು ತಿಂಗಳು ಕೊಳ್ಳುವುದು ಕೂಲಿಯವರಿಗೆ ಸುಲಭವಲ್ಲ ಎಂಬುದು ನಮಗೆ ಗೊತ್ತು. ಗುಳಿಗೆ ಬಿಡಿಸುವವರ ಮಾತು ಸಿಹಿಯಾಗಿ ಕೇಳುವುದೇ ಅದಕ್ಕೆ. ಆದರೆ ಮರುಕಳಿಸಿ ದವಾಖಾನೆ ಸೇರಿದರೆ ಆಗುವ ಖರ್ಚಿನ ಮುಂದೆ ಗುಳಿಗೆಯ ಖರ್ಚು ಸಣ್ಣದು. ಹಣದ ಅಡಚಣೆ ಇದ್ದರೆ ಡಾಕ್ಟರರ ಮುಂದೆ ಬಾಯಿಬಿಟ್ಟು ಹೇಳಬೇಕು, ಕಡಿಮೆ ಬೆಲೆಯದನ್ನು ಬರೆದುಕೊಡಿ ಎಂದು ಕೇಳಬೇಕು. ನಾಚಿಕೊಂಡು ಗುಳಿಗೆ ಬಿಟ್ಟು ಕೂಡಬಾರದು.

ಇನ್ನೊಂದು ಜಾತಿಯ ಪಥ್ಯದವರಿದ್ದಾರೆ. ಅವರು ಗುಳಿಗೆ ಬಿಡು ಎನ್ನುವುದಿಲ್ಲ, ಊಟವನ್ನೇ ಬಿಡಿಸುತ್ತಾರೆ. ರೊಟ್ಟಿ ಬೇಡ, ಬೇಳೆ ವಾಯು, ಹಾಲು ಬೇಡ, ಮೊಸರು ಥಂಡಿ, ತತ್ತಿ ಉಷ್ಣ, ಬಾಳೆಹಣ್ಣು ಕಫ. ಎಲ್ಲ ಕಳೆದು ಕೊನೆಗೆ ಉಳಿಯುವುದು ಅಕ್ಕಿಗಂಜಿ, ಉಪ್ಪು. ನಮ್ಮ ಬಳಗದ ಹೆಣ್ಣುಮಗಳೊಬ್ಬಳು ಹೀಗೆ ನಾಲ್ಕು ತಿಂಗಳು ಬರೀ ಗಂಜಿ ಕುಡಿದಳು. ಸಂಡಾಸ ಕಡಿಮೆಯಾಯಿತು ಎಂದು ಮನೆಯವರೆಲ್ಲ ಹಿಗ್ಗಿದರು. ಹೊಟ್ಟೆಗೆ ಏನೂ ಹೋಗದಿದ್ದರೆ ಹೊರಗೆ ಏನು ಬರಬೇಕು? ತೂಕ ಇಳಿಯಿತು, ಕೂದಲು ಉದುರಿತು, ಕಾಲು ಬಾತವು. ಕೊಡ ಹೊತ್ತುಕೊಂಡು ಬರುವಾಗ ಕಣ್ಣಿಗೆ ಕತ್ತಲೆ ಬಂದು ಕುಸಿದಳು. ಡಾಕ್ಟರರು ನೋಡಿ, ಇದು ಬರೀ ಕರುಳಿನ ಹುಣ್ಣಲ್ಲ, ಉಪವಾಸದ ರೋಗವೂ ಸೇರಿದೆ ಎಂದರು.

ಶಾಲೆಯ ಲೆಕ್ಕವನ್ನೇ ಹಾಕಿ ನೋಡೋಣ. ರೋಗ ಕೆರಳಿದಾಗ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನು ಬೇಕು ಎನ್ನುತ್ತದೆ ಯುರೋಪಿನ ಪೋಷಣೆ ತಜ್ಞರ ಮಾರ್ಗಸೂಚಿ. ಐವತ್ತು ಕಿಲೋ ತೂಗುವ ಹೆಣ್ಣುಮಗಳಿಗೆ ಅದು 60ರಿಂದ 75 ಗ್ರಾಂ. ದಿನವಿಡೀ 200 ಗ್ರಾಂ ಅಕ್ಕಿಯ ಗಂಜಿ ಕುಡಿದರೆ ಸಿಗುವುದು ಸುಮಾರು 14 ಗ್ರಾಂ! ಅದಕ್ಕೇ 100 ಗ್ರಾಂ ಹೆಸರಬೇಳೆಯನ್ನು ಮೆತ್ತಗೆ ಬೇಯಿಸಿ ಸೇರಿಸಿ, 24 ಗ್ರಾಂ. ಎರಡು ತತ್ತಿ ಕುದಿಸಿ ಕೊಡಿ, 12. ಅರ್ಧ ಲೀಟರ್ ಹಾಲಿನ ಮೊಸರು ಒಗ್ಗಿದರೆ ಇನ್ನು 16. ಕೂಡಿಸಿದರೆ 66. ತತ್ತಿ ಮುಟ್ಟದ ಮನೆಯಲ್ಲಿ ಬೇಳೆ, ಮೊಸರು, ಪನೀರಿನ ಪಾಲು ಹೆಚ್ಚಲಿ. ಇದನ್ನೆಲ್ಲ ಒಂದೇ ದಿನ ತುರುಕಬಾರದು. ಸ್ವಲ್ಪ ಸ್ವಲ್ಪ, ದಿನಕ್ಕೆ ಐದಾರು ಸಲ. ಮೂತ್ರಪಿಂಡದ ತೊಂದರೆ ಇದ್ದವರು ಡಾಕ್ಟರರನ್ನು ಕೇಳಿಯೇ ಪ್ರೋಟೀನು ಹೆಚ್ಚಿಸಬೇಕು. ಉಳಿದವರಿಗೆ ನಾವು ಹೇಳುವುದಿಷ್ಟೇ: ಪಥ್ಯವೆಂದರೆ ಬಿಡುವುದರ ಪಟ್ಟಿಯಲ್ಲ, ಉಣ್ಣುವುದರ ಪಟ್ಟಿ.

ಹಾಗೆಂದು "ಊಟಕ್ಕೂ ರೋಗಕ್ಕೂ ಸಂಬಂಧವೇ ಇಲ್ಲ, ಏನು ಬೇಕಾದ್ರೂ ತಿನ್ನಿರಿ" ಎಂದು ಒಂದೇ ಮಾತಿನಲ್ಲಿ ಕೈತೊಳೆದುಕೊಳ್ಳುವ ಡಾಕ್ಟರರನ್ನೂ ನಾವು ಒಪ್ಪುವುದಿಲ್ಲ. ನೆತ್ತರು ಬೀಳುತ್ತಿರುವ ಕರುಳಿಗೆ ಕಟಕ ರೊಟ್ಟಿ, ಹಸಿ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಖಾರ ಇಳಿಸಿದವರಿಗೆ ರಾತ್ರಿ ಏನಾಗುತ್ತದೆ ಎಂಬುದನ್ನು ರೋಗಿ ಬಲ್ಲ. ಖಾರ ಹುಣ್ಣನ್ನು ಹುಟ್ಟಿಸಲಿಕ್ಕಿಲ್ಲ, ಆದರೆ ಹುಣ್ಣಿದ್ದವನನ್ನು ಸಂಡಾಸದಲ್ಲೇ ಕೂಡಿಸುತ್ತದೆ. ಊಟ ರೋಗವನ್ನು ವಾಸಿ ಮಾಡುವುದಿಲ್ಲ, ರೋಗಿಯ ದಿನವನ್ನು ಹಗುರ ಮಾಡುತ್ತದೆ. ಈ ಎರಡು ಮಾತುಗಳ ನಡುವಿನ ಅಂತರ ತಿಳಿದರೆ ಅರ್ಧ ಗೆದ್ದಂತೆ.

ಹಾಗಾದರೆ ನಮ್ಮ ಗಂಗಾಳದಲ್ಲಿ ಏನಿರಬೇಕು?

ರೋಗ ಕೆರಳಿದಾಗ ಕರುಳಿಗೆ ಕೆಲಸ ಕಡಿಮೆ ಕೊಡಬೇಕು. ಮೆತ್ತಗಿನ ಅನ್ನ, ಹೆಸರಬೇಳೆಯ ತಿಳಿಸಾರು, ಸಿಪ್ಪೆ ತೆಗೆದು ಬೇಯಿಸಿದ ಸೋರೆಕಾಯಿ, ಹೀರೇಕಾಯಿ, ಗಜ್ಜರಿ, ಬಟಾಟಿ, ಚೆನ್ನಾಗಿ ಕಳಿತ ಬಾಳೆಹಣ್ಣು, ಕುದಿಸಿದ ತತ್ತಿ, ತಿನ್ನುವವರಿಗೆ ಖಾರವಿಲ್ಲದ ಮೀನು. ಆ ದಿನಗಳಲ್ಲಿ ಇಡೀ ಶೇಂಗಾ, ಮೊಳಕೆ ಕಟ್ಟಿದ ಮಡಕಿ, ಕಡ್ಲಿ, ಪುಂಡಿಪಲ್ಯ, ಹಸಿ ಸೊಪ್ಪು, ಕರಿದದ್ದು ದೂರ ಇರಲಿ. ಚಹಾ ಕಡಿಮೆ ಮಾಡಿ. ದಾರು ಬೇಡ. ಹಾಲು ಎಲ್ಲರಿಗೂ ಶತ್ರುವಲ್ಲ, ಕುಡಿದರೆ ಹೊಟ್ಟೆ ಉಬ್ಬಿ ಗುಡುಗುಡು ಎನ್ನುವವರು ಬಿಡಲಿ, ಅಂಥವರಿಗೂ ಮಜ್ಜಿಗೆ ಒಗ್ಗುವುದುಂಟು. ಸಂಡಾಸ ಹೆಚ್ಚಾಗಿ ಬಾಯಿ ಒಣಗುತ್ತಿದ್ದರೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಚಹಾ ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು ಕಲಸಿ ಗುಟುಕು ಗುಟುಕಾಗಿ ಕುಡಿಯಬೇಕು.

ರೋಗ ಅಡಗಿದ ಮೇಲೆ? ಇಲ್ಲೇ ನಮ್ಮವರು ಹೆಚ್ಚು ಎಡವುವುದು. ಅಂಜಿಕೆಯಿಂದ ಗಂಜಿಯಲ್ಲೇ ಉಳಿದುಬಿಡುತ್ತಾರೆ. ಜೋಳದ ರೊಟ್ಟಿ ಎಂದರೆ ವಿಷವೆಂಬಂತೆ ನೋಡುತ್ತಾರೆ. ನೂರು ಗ್ರಾಂ ಜೋಳದಲ್ಲಿ ನಾರು ಸುಮಾರು 10 ಗ್ರಾಂ, ಬಿಳಿ ಅಕ್ಕಿಯಲ್ಲಿ 3ಕ್ಕೂ ಕಡಿಮೆ. ಆ ನಾರನ್ನು ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಹುಳಿಬರಿಸಿ ಬ್ಯುಟಿರೇಟ್ ಎಂಬ ವಸ್ತುವನ್ನು ಮಾಡುತ್ತವೆ. ಕರುಳಿನ ಒಳಪದರಿನ ಜೀವಕೋಶಗಳಿಗೆ ಅದೇ ಊಟ. ಅಂದರೆ ರೋಗಿ ರೊಟ್ಟಿ ಬಿಟ್ಟರೆ ಅವನ ಕರುಳೂ ಉಪವಾಸ! ಆದ್ದರಿಂದ ಹುಣ್ಣು ಮಾದ ಮೇಲೆ ಮೊದಲು ಸೋಸಿದ ಹಿಟ್ಟಿನ ಅಂಬಲಿ, ಆಮೇಲೆ ಮೆತ್ತಗೆ ಬೇಯಿಸಿದ ನುಚ್ಚು, ಆಮೇಲೆ ಅರ್ಧ ಬಿಸಿರೊಟ್ಟಿ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ನಮ್ಮ ಊಟಕ್ಕೆ ಮರಳಬೇಕು. ಶೇಂಗಾ ಹಿಂಡಿಯೂ ನುಣ್ಣಗೆ ಕುಟ್ಟಿ, ಖಾರ ತಗ್ಗಿಸಿ, ಮೊಸರಲ್ಲಿ ಕಲಸಿದರೆ ಹಲವರಿಗೆ ಒಗ್ಗುತ್ತದೆ. ಕರುಳು ಎಲ್ಲಾದರೂ ಸೊಟ್ಟಗಾಗಿ ಕಿರಿದಾಗಿದೆ ಎಂದು ಡಾಕ್ಟರರು ಹೇಳಿದವರು ಮಾತ್ರ ನಾರಿನ ವಿಷಯದಲ್ಲಿ ಅವರು ಹೇಳಿದ್ದನ್ನೇ ಕೇಳಬೇಕು.

ಅಮೆರಿಕದ ಜಠರ-ಕರುಳು ತಜ್ಞರ ಸಂಘ 2024ರಲ್ಲಿ ಕೊಟ್ಟ ಸಲಹೆಯೂ ಇದಕ್ಕೆ ದೂರವಿಲ್ಲ. ಕಾಯಿಪಲ್ಯ, ಹಣ್ಣು, ಇಡಿಧಾನ್ಯ, ಒಳ್ಳೆಯ ಎಣ್ಣೆ ಹೆಚ್ಚಿರಲಿ, ಪಾಕೀಟಿನ ತಿಂಡಿ, ಸಕ್ಕರೆ, ಉಪ್ಪು ಕಡಿಮೆ ಇರಲಿ, ಕೆಂಪು ಮಾಂಸ ಕಡಿಮೆ ಮಾಡಿದರೆ ಈ ರೋಗ ಕೆರಳುವುದು ತಗ್ಗಬಹುದು ಎಂದಿದೆ. ದೊಡ್ಡವರಲ್ಲಿ ರೋಗ ಕೆರಳದಂತೆ ಖಚಿತವಾಗಿ ತಡೆಯುವ ಯಾವ ಒಂದು ಪಥ್ಯವೂ ಇದುವರೆಗೆ ಸಿಕ್ಕಿಲ್ಲ ಎಂದೂ ಹೇಳಿದೆ. ಜಗತ್ತಿನ ತಜ್ಞರಿಗೆ ಸಿಗದ ಪಥ್ಯ ನಮ್ಮ ಸಂತೆಯ ತಂಬುವಿನಲ್ಲಿ ಕೂತವನಿಗೆ ಹೇಗೆ ಸಿಕ್ಕಿತು?

ಯಾವುದು ಒಗ್ಗುತ್ತದೆ ಎಂದು ತಿಳಿಯಲು ಹತ್ತು ರೂಪಾಯಿಯ ವಹಿ ಸಾಕು. ಎಡಗಡೆ ತಿಂದದ್ದು, ಬಲಗಡೆ ಎಷ್ಟು ಸಲ ಸಂಡಾಸ, ನೆತ್ತರು ಇತ್ತೇ, ನುಲಿತ ಇತ್ತೇ. ಒಂದು ಸಲ ಒಗ್ಗದಿದ್ದರೆ ಆ ಪದಾರ್ಥವನ್ನು ಜೀವಮಾನಕ್ಕೆ ಬಹಿಷ್ಕರಿಸಬೇಡಿ, ಆರಾಮಿದ್ದಾಗ ಇನ್ನೆರಡು ಸಲ ನೋಡಿ. ಓದು ಬಾರದ ತಾಯಿಗೆ ಶಾಲೆಗೆ ಹೋಗುವ ಮಗಳು ಬರೆದುಕೊಡಲಿ. ಆ ವಹಿ ಹಿಡಿದುಕೊಂಡೇ ಡಾಕ್ಟರರ ಹತ್ತಿರ ಹೋಗಿ.

ಈಗ ಕಹಿಯಾದ ಒಂದು ಮಾತು. ನಮ್ಮಲ್ಲಿ ಗಂಡಸಿಗೆ ರೋಗ ಬಂದರೆ ಮನೆಯಲ್ಲಿ ಬೇರೆ ಒಲೆ ಹೊತ್ತುತ್ತದೆ. ಅವನಿಗೆ ಮೆತ್ತಗಿನ ಅನ್ನ, ಬೇರೆ ಸಾರು, ಹೊತ್ತಿಗೆ ಸರಿಯಾಗಿ. ಹೆಂಗಸಿಗೆ ಬಂದರೆ ಅವಳೇ ಎಲ್ಲರಿಗೂ ಖಾರ ಅರೆದು, ರೊಟ್ಟಿ ಬಡಿದು, ಎಲ್ಲರ ಊಟ ಮುಗಿದ ಮೇಲೆ ಮಧ್ಯಾಹ್ನ ಮೂರಕ್ಕೆ ಉಳಿದ ಖಾರದ ಪಲ್ಯವನ್ನೇ ನೀರಲ್ಲಿ ಕಿವುಚಿಕೊಂಡು ಉಣ್ಣುತ್ತಾಳೆ. ತನಗೊಬ್ಬಳಿಗೆ ಬೇರೆ ಬೋಗುಣಿ ಇಟ್ಟರೆ ಅತ್ತೆ ಏನೆಂದಾಳು ಎಂಬ ಸಂಕೋಚ. ದಿನಕ್ಕೆ ಐದು ಸಲ ಉಣ್ಣು ಎಂದು ಡಾಕ್ಟರರು ಹೇಳಿದ್ದನ್ನು ಮನೆಯಲ್ಲಿ ಹೇಳಲಿಕ್ಕೇ ಅವಳಿಗೆ ನಾಚಿಕೆ. ಸಂಡಾಸ ದೂರ ಇದ್ದರಂತೂ ಓಡುವ ಭಯಕ್ಕೇ ಹೊತ್ತಿನ ಊಟ ಬಿಡುತ್ತಾಳೆ. ಪಥ್ಯದ ಬಗ್ಗೆ ಉಪದೇಶ ಮಾಡುವ ಗಂಡಸರೇ, ಪಲ್ಯಕ್ಕೆ ಖಾರ ಹಾಕುವ ಮುಂಚೆ ಒಂದು ಬಟ್ಟಲು ಬೇರೆ ತೆಗೆದಿಡಿ ಎಂದು ಹೇಳಲು ನಿಮ್ಮ ಬಾಯಿಗೇನಾಗಿದೆ? ಇದಕ್ಕೆ ದುಡ್ಡು ಬೇಕಿಲ್ಲ. ಆಷಾಢದ ವಾರಿಗೆ ಪಂಢರಪುರಕ್ಕೆ ನಡೆದು ಹೋಗುವವರು ಹಾದಿಯುದ್ದಕ್ಕೂ ಪರರ ಹಸಿವು ನೋಡುತ್ತಾರೆ. ಮನೆಯೊಳಗಿನ ಹಸಿವನ್ನೂ ನೋಡಲಿ.

ನಮ್ಮ ಗಡಿಯ ಜನರಿಗೆ ಇನ್ನೂ ಒಂದು ತೊಡಕಿದೆ. ದವಾಖಾನೆಯಲ್ಲಿ ಕೊಡುವ ಪಥ್ಯದ ಚೀಟಿ ಮರಾಠಿಯಲ್ಲಿ ಇರುತ್ತದೆ, ಇಲ್ಲವೇ ಇಂಗ್ಲಿಷಿನಲ್ಲಿ. ಸಂತೆಗೆ ಸಾಲುವಷ್ಟು ಮರಾಠಿ ಎಲ್ಲರಿಗೂ ಬರುತ್ತದೆ, ರೋಗಕ್ಕೆ ಸಾಲುವಷ್ಟು ಬರುವುದಿಲ್ಲ. "ಆತಡ್ಯಾಲಾ ಸೂಜ ಆಹೆ" ಎಂದು ಒಬ್ಬ ಅಜ್ಜಿಗೆ ಹೇಳಿ ಕಳಿಸಿದ್ದರು. ಕರುಳು ಬಾತಿದೆ ಎಂದು ಅದರ ಅರ್ಥ. ಅಜ್ಜಿ ತನ್ನ ಕರುಳಿನಲ್ಲಿ ಸೂಜಿ ಸಿಕ್ಕಿದೆ ಎಂದು ತಿಳಿದು, ಅದು ಚುಚ್ಚೀತೆಂದು ಎಂಟು ದಿನ ಊಟವನ್ನೇ ಸರಿಯಾಗಿ ಮಾಡಲಿಲ್ಲ! ಕೇಳಿ ನಗು ಬಂತೇ? ನಮಗೂ ಬಂತು, ಆಮೇಲೆ ಬಹಳ ಹೊತ್ತು ಸಿಟ್ಟು ಬಂತು. ಡಾಕ್ಟರರ ಮೇಲಲ್ಲ, ಅವರು ತಮಗೆ ಬರುವ ಭಾಷೆಯಲ್ಲಿ ಹೇಳಿದರು. ತಲೆತಲಾಂತರದಿಂದ ಇಲ್ಲೇ ಇರುವ ಜನರ ಭಾಷೆಯಲ್ಲಿ ಒಂದು ಪುಟದ ಚೀಟಿ ಅಚ್ಚು ಹಾಕಿಸಬೇಕೆಂದು ಯಾರಿಗೂ ಅನ್ನಿಸದ ಬಗ್ಗೆ. ಜೀವ ಉಳಿಸುವ ಮಾತನ್ನು ತಾಯ್ನುಡಿಯಲ್ಲಿ ಕೇಳುವುದು ಗಡಿ ಜಗಳವಲ್ಲ. ಮರಾಠಿಯ ಕೆಳಗೇ ಕನ್ನಡವೂ ಇರಲಿ, ಅಷ್ಟೇ. ತಿಳಿಯುವ ಭಾಷೆಯಲ್ಲಿ ಡಾಕ್ಟರರ ಮಾತು ಸಿಗದ ಕಡೆ ತಂಬುವಿನವನ ಮಾತು ಗೆಲ್ಲುತ್ತದೆ, ಯಾಕೆಂದರೆ ಅವನು ಕನ್ನಡದಲ್ಲಿ ಮಾತಾಡುತ್ತಾನೆ.

ಮನೆಮದ್ದಿನ ಪ್ರೀತಿಯಲ್ಲಿ ಮರೆಯಬಾರದ ಕೆಲವು ಮಾತುಗಳಿವೆ. ನೆತ್ತರು ಬಿದ್ದರೆ ಮೂಲವ್ಯಾಧಿ ಎಂದು ತಾವೇ ತೀರ್ಪು ಕೊಡಬೇಡಿ. ಅಮೀಬಾದ ಭೇದಿ, ಕರುಳಿನ ಕ್ಷಯ ಕೂಡ ಇದೇ ವೇಷದಲ್ಲಿ ಬರುತ್ತವೆ, ಅವುಗಳ ಔಷಧಿ ಬೇರೆ. ಅಮೀಬಾ ಇದ್ದವರಿಗೆ ಸ್ಟೀರಾಯ್ಡ್ ಹೋದರೆ ಅನಾಹುತ. ಸಂಡಾಸ ಪರೀಕ್ಷೆ, ದುರ್ಬೀನಿನ ತಪಾಸಣೆ ಆಗಲೇಬೇಕು. ಮೈಕೈ ನೋವಿಗೆಂದು ಅಂಗಡಿಯಲ್ಲಿ ಕೇಳಿ ತರುವ ನೋವಿನ ಗುಳಿಗೆಗಳೂ ಈ ರೋಗವನ್ನು ಕೆರಳಿಸಬಲ್ಲವು. ದಿನಕ್ಕೆ ಆರು ಅಥವಾ ಹೆಚ್ಚು ಸಲ ನೆತ್ತರಿನ ಸಂಡಾಸ, ಜತೆಗೆ ಜ್ವರ, ನಾಡಿ 90 ಮೀರಿದ ಓಟ, ಹೊಟ್ಟೆ ಉಬ್ಬರ ಇದ್ದರೆ ಪಥ್ಯದ ಮಾತೇ ಬೇಡ, ಅಂದೇ ದೊಡ್ಡ ದವಾಖಾನೆಗೆ ಹೋಗಬೇಕು. ರೋಗಕ್ಕೆ ಎಂಟು ವರ್ಷ ತುಂಬಿದ ಮೇಲೆ, ಆರಾಮಿದ್ದರೂ ಸಹ, ಕರುಳಿನ ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಡಾಕ್ಟರರು ಹೇಳಿದ ಅವಧಿಗೊಮ್ಮೆ ದುರ್ಬೀನಿನಿಂದ ನೋಡಿಸಬೇಕು. ಯಾವ ಮಜ್ಜಿಗೆಯೂ ಆ ತಪಾಸಣೆಯ ಬದಲಿಗೆ ನಿಲ್ಲುವುದಿಲ್ಲ.

ಓದುಗ ಬಂಧುಗಳೇ, ಗುಳಿಗೆ ಮತ್ತು ಗಂಗಾಳ ಎರಡೂ ಒಂದೇ ಗಾಡಿಯ ಎತ್ತುಗಳು. ಒಂದನ್ನು ಬಿಚ್ಚಿ ಓಡಿಸಿ ನೋಡು ಎನ್ನುವವರು ಗಾಡಿ ಉರುಳಿದಾಗ ಹತ್ತಿರ ಇರುವುದಿಲ್ಲ. ನಿಮ್ಮ ಓಣಿಯಲ್ಲಿ ಯಾರಾದರೂ ಈ ರೋಗದವರಿದ್ದರೆ, ನಾಳೆ ಅವರ ಮನೆಗೆ ಹೋದಾಗ ಹೊಸ ಮದ್ದು ಹೇಳಬೇಡಿ. ಗುಳಿಗೆ ತೀರಿದೆಯೇ ಎಂದು ಕೇಳಿ. ಇವತ್ತು ಏನು ಉಂಡಿರಿ ಎಂದು ಕೇಳಿ. ಬರೀ ಗಂಜಿ ಎಂದರೆ, ನಿಮ್ಮ ಮನೆಯ ಹೆಸರಬೇಳೆಯ ತಿಳಿಸಾರನ್ನು, ಖಾರ ಹಾಕುವ ಮುಂಚೆ ತೆಗೆದು, ಒಂದು ಬಟ್ಟಲು ಕೊಟ್ಟು ಬನ್ನಿ.